ಕಪ್ಪು ಬೇರೆ, ತಂಪು ಬೇರೆ

ಏಪ್ರಿಲ್ ತಿಂಗಳ ಒಂದು ಭಾನುವಾರ. ಮಗಳು ಕೊಂಡ ಹೊಸ ಕಾರಿನ ಮೇಲೆ ಹಚ್ಚಿದ ಅರಿಸಿನ ಕುಂಕುಮ ಇನ್ನೂ ಮಾಸಿರಲಿಲ್ಲ. ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗಿ ಎರಡು ದಿನವಾಗಿತ್ತಷ್ಟೆ. ನಾನು ಕಾಫಿ ಲೋಟ ಕೆಳಗಿಡುವ ಮೊದಲೇ ಅವಳು ಹೇಳಿದಳು: ‘ಅಪ್ಪಾ, ಗಾಜಿಗೆ ಫಿಲ್ಮ್ ಹಾಕಿಸ್ಬೇಕು. ನೀನೂ ಬಾ. ಸೈನ್ಸ್ ಮೇಷ್ಟ್ರು ಜೊತೇಲಿದ್ರೆ ಅಂಗಡಿಯವರು ಟೋಪಿ ಹಾಕಲ್ಲ.’

ಟೋಪಿ ಮೊದಲು ಬೀಳುವುದು ಮೇಷ್ಟರ ತಲೆಗೇ ಎಂಬುದು ಅವಳಿಗೆ ಗೊತ್ತಿಲ್ಲ. ಆದರೂ ಮಗಳು ಕರೆದಳಲ್ಲ ಎಂಬ ಹೆಮ್ಮೆಯಲ್ಲಿ ಹೊರಟೆ. ಬನ್ನೇರುಘಟ್ಟ ರಸ್ತೆಯ ಕಡೆ ಒಂದು ಅಂಗಡಿ. ಒಳಗೆ ಒಬ್ಬ ಚುರುಕಾದ ಹುಡುಗ. ಮೇಜಿನ ಮೇಲೆ ಎರಡು ಗಾಜಿನ ತುಂಡು, ಹಿಂದೆ ಒಂದು ಕೆಂಪು ಬಲ್ಬು. ಕೋಳಿ ಫಾರಂನಲ್ಲಿ ಮರಿಗಳಿಗೆ ಶಾಖ ಕೊಡಲು ಇಡುತ್ತಾರಲ್ಲ, ಅಂಥದ್ದು. ‘ಕೈ ಇಡಿ ಸಾರ್’ ಎಂದ. ಬರೀ ಗಾಜಿನ ಮುಂದೆ ಕೈಯಿಟ್ಟೆ, ಚುರ್ ಎಂದಿತು. ಫಿಲ್ಮ್ ಅಂಟಿಸಿದ ಗಾಜಿನ ಮುಂದೆ ಇಟ್ಟೆ, ಹುಣಸೆಮರದ ನೆರಳಿನ ಹಾಗೆ ತಣ್ಣಗೆ. ‘ನೋಡಿ ಸಾರ್, ನೈಂಟಿ ಪರ್ಸೆಂಟ್ ಹೀಟ್ ಕಟ್! ಕೂಲಿಂಗೂ ಆಯ್ತು, ಪ್ರೈವೆಸಿನೂ ಆಯ್ತು, ಸೇಫ್ಟಿನೂ ಆಯ್ತು. ತ್ರೀ ಇನ್ ಒನ್.’

ಅವನು ‘ತ್ರೀ ಇನ್ ಒನ್’ ಎಂದದ್ದೇ ತಡ, ನನ್ನೊಳಗಿನ ಮೇಷ್ಟರು ಎದ್ದು ಕೂತರು. ಎಷ್ಟೋ ವರ್ಷಗಳಿಂದ ಮಕ್ಕಳಿಗೆ ನಾನು ಮಾಡಿಸುವ ಮೊದಲ ಪ್ರಯೋಗವೇ ಅದು. ಉಪ್ಪು, ಮರಳು, ಕಬ್ಬಿಣದ ಪುಡಿ ಬೆರೆಸಿದ ಒಂದು ಪೊಟ್ಟಣ ಕೊಟ್ಟು ‘ಬೇರ್ಪಡಿಸಿ’ ಎನ್ನುವುದು. ಅಯಸ್ಕಾಂತ ತಂದರೆ ಕಬ್ಬಿಣ ಬರುತ್ತದೆ, ನೀರು ಹಾಕಿದರೆ ಉಪ್ಪು ಕರಗುತ್ತದೆ, ಮರಳು ಉಳಿಯುತ್ತದೆ. ಅಂಗಡಿಯ ಹುಡುಗ ಒಂದೇ ಹಾಳೆಯೆಂದು ತೋರಿಸಿದ್ದರಲ್ಲಿ ತಂಪು, ಕಪ್ಪು, ಭದ್ರತೆ ಎಂಬ ಮೂರು ಬೇರೆ ಬೇರೆ ವಸ್ತುಗಳಿದ್ದವು. ಒಂದನ್ನು ಕೊಳ್ಳಲು ಹೋಗಿ ಇನ್ನೊಂದನ್ನು ಮನೆಗೆ ತರುವವರೇ ಹೆಚ್ಚು. ಅವರಲ್ಲಿ ನಾನೂ ಒಬ್ಬನಾಗಿದ್ದೆ. ಆ ಕಥೆ ಆಮೇಲೆ.

ಮೊದಲು ಆ ಕೆಂಪು ಬಲ್ಬಿನ ಗುಟ್ಟು. ನೆಲ ಮುಟ್ಟುವ ಬಿಸಿಲಿನ ಶಕ್ತಿಯನ್ನು ನೂರು ಪಾಲು ಎಂದಿಟ್ಟುಕೊಳ್ಳಿ. ಸ್ಥೂಲವಾಗಿ ಅದರಲ್ಲಿ 5 ಪಾಲು ಅತಿನೇರಳೆ, 43 ಪಾಲು ಕಣ್ಣಿಗೆ ಕಾಣುವ ಬೆಳಕು, ಉಳಿದ 52 ಪಾಲು ಕಾಣದ ಅವಕೆಂಪು. ಅಂದರೆ ಬಿಸಿಲಿನ ಬೇಗೆಯ ಅರ್ಧಕ್ಕೂ ಹೆಚ್ಚು ಕಣ್ಣಿಗೆ ಬೀಳದೆ ಬರುತ್ತದೆ. ಆದರೆ ಆ ಬಲ್ಬಿನ ತಂತಿ ಸೂರ್ಯನಷ್ಟು ಕಾಯುವುದಿಲ್ಲ. ಅದು ಸೂಸುವುದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚು ಬರೀ ಅವಕೆಂಪು. ಅವಕೆಂಪನ್ನು ತಡೆಯುವ ಫಿಲ್ಮು ಅಂಥ ಬಲ್ಬಿನ ಮುಂದೆ ಪವಾಡ ಮಾಡದೆ ಇರುತ್ತದೆಯೇ? ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ ಅದು.

ಲೆಕ್ಕ ಮಾಡಿಯೇ ನೋಡೋಣ. ಒಂದು ತಿಳಿ ಫಿಲ್ಮು ಇದೆ. ಕಾಣುವ ಬೆಳಕಿನಲ್ಲಿ ಶೇ 70ರಷ್ಟನ್ನು ಒಳಬಿಡುತ್ತದೆ, ಅವಕೆಂಪಿನಲ್ಲಿ ಶೇ 90ರಷ್ಟನ್ನು ತಡೆಯುತ್ತದೆ ಎಂದಿಟ್ಟುಕೊಳ್ಳಿ. ಬೆಳಕಿನ 43 ಪಾಲಿನಲ್ಲಿ 30 ಒಳಬಂತು, ಅವಕೆಂಪಿನ 52ರಲ್ಲಿ 5 ಬಂತು. ಒಟ್ಟು 35. ಇದರ ಮೇಲೆ ಫಿಲ್ಮು ಹೀರಿಕೊಂಡ ಶಾಖದಲ್ಲಿ ಒಂದಿಷ್ಟು ಗಾಜನ್ನು ಕಾಯಿಸಿ ತಿರುಗಿ ಒಳಗೇ ಬರುತ್ತದೆ. ಹಾಗಾಗಿ ‘ನೈಂಟಿ ಪರ್ಸೆಂಟ್’ ಎಂಬುದು ನಿಜವಾದ ಬಿಸಿಲಿನಲ್ಲಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಅರ್ಧವೇನೂ ಕಡಿಮೆಯಲ್ಲ. ಆದರೆ ಅದು ತೊಂಬತ್ತಲ್ಲ.

ಈಗ ಇನ್ನೊಂದು ಫಿಲ್ಮು. ಬರೀ ಬಣ್ಣ ಹಾಕಿದ, ಅಗ್ಗದ, ಕಾಡಿಗೆಯಂಥ ಕಪ್ಪು. ಬೆಳಕಿನಲ್ಲಿ ಶೇ 20 ಮಾತ್ರ ಒಳಬಿಡುತ್ತದೆ. 43ರಲ್ಲಿ 9 ಪಾಲು ಬಂತು. ಆದರೆ ಈ ಬಣ್ಣಗಳು ಕಾಣುವ ಬೆಳಕಿಗೆ ಗೋಡೆ, ಅವಕೆಂಪಿಗೆ ಹೆಚ್ಚು ಕಡಿಮೆ ತೆರೆದ ಬಾಗಿಲು. 52ರಲ್ಲಿ ನಾಲ್ಕು ಪಾಲಿಗೆ ಒಂದು ಪಾಲು ತಡೆಯಿತು ಅಂದುಕೊಂಡರೂ 39 ಒಳಬಂತು. ಒಟ್ಟು 48! ತಿಳಿ ಫಿಲ್ಮು ಬಿಟ್ಟದ್ದು 35, ಕಡುಕಪ್ಪು ಬಿಟ್ಟದ್ದು 48. ಕಪ್ಪಾದಷ್ಟೂ ತಂಪು ಎಂದು ನಂಬಿದ ಕಣ್ಣಿಗೆ ಮೋಸ. ಕಾರಿನಲ್ಲಿ ಕೂತವನಿಗೆ ಕತ್ತಲೆ ಕಂಡದ್ದರಿಂದಲೇ ತಂಪಾಯಿತು ಎನಿಸುತ್ತದೆ, ಬೆವರು ಮಾತ್ರ ನಿಲ್ಲುವುದಿಲ್ಲ.

ಫಿಲ್ಮಿನ ಮೂಲ ವಸ್ತು ಪಾಲಿಯೆಸ್ಟರ್. ನಿಮ್ಮ ಷರಟಿನ ನೂಲು, ಸೋಡಾ ಬಾಟಲಿ, ಅಟ್ಟದ ಮೇಲೆ ದೂಳು ತಿನ್ನುತ್ತಿರುವ ಕ್ಯಾಸೆಟ್ಟಿನ ಟೇಪು, ಎಲ್ಲವೂ ಅದೇ ವಂಶ. ಅದಕ್ಕೆ ಬರೀ ಬಣ್ಣ ಸೇರಿಸಿದರೆ ಅಗ್ಗದ ಫಿಲ್ಮು. ಬಿಸಿಲಿಗೆ ಬಣ್ಣದ ಅಣುಗಳು ಮುರಿದು ಕೆಲ ವರ್ಷಗಳಲ್ಲಿ ಗಾಜು ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಹಳೆಯ ಕಾರುಗಳಲ್ಲಿ ನೀವು ನೋಡಿರುತ್ತೀರಿ. ಲೋಹದ ತೆಳು ಲೇಪ ಕೊಟ್ಟರೆ ಅದು ಕನ್ನಡಿಯಂತೆ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಆದರೆ ರೇಡಿಯೊ ಅಲೆಗಳಿಗೂ ಅಡ್ಡಿ ಮಾಡುತ್ತದೆ. ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಓದದೆ ಹಿಂದಿನವರು ಹಾರನ್ ಬಾರಿಸುವಂತಾಗಬಹುದು. ಈಚಿನ ‘ಸೆರಾಮಿಕ್’ ಎನ್ನುವವುಗಳಲ್ಲಿ ತವರ, ಟಂಗ್‌ಸ್ಟನ್ ಮುಂತಾದವುಗಳ ಆಕ್ಸೈಡಿನ ಅತಿಸೂಕ್ಷ್ಮ ಕಣಗಳಿರುತ್ತವೆ. ಅವು ಬೆಳಕನ್ನು ಬಿಟ್ಟು ಅವಕೆಂಪನ್ನು ಹೀರುತ್ತವೆ.

ಆದರೂ ನಿಲ್ಲಿಸಿದ ಕಾರು ಯಾಕೆ ಒಲೆಯಾಗುತ್ತದೆ? ಬಿಸಿಲು ಗಾಜಿನ ಮೂಲಕ ಒಳಬಂದು ಸೀಟನ್ನು ಕಾಯಿಸುತ್ತದೆ. ಕಾದ ಸೀಟು ಸೂಸುವ ಶಾಖಕಿರಣಗಳ ತರಂಗದೂರ ಉದ್ದ, ಅವಕ್ಕೆ ಗಾಜು ದಾರಿ ಕೊಡುವುದಿಲ್ಲ. ಪಠ್ಯಪುಸ್ತಕದಲ್ಲಿ ನಾವು ಹೇಳಿಕೊಡುವುದು ಇಷ್ಟು. ಇದು ಅರ್ಧ ಸತ್ಯ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ ಎರಡು ಪೆಟ್ಟಿಗೆ ಮಾಡಿ ಒಂದಕ್ಕೆ ಗಾಜು, ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆ ಮುಚ್ಚಿ ಬಿಸಿಲಿಗಿಟ್ಟ. ಕಲ್ಲುಪ್ಪು ಶಾಖಕಿರಣಗಳನ್ನು ಹೊರಕ್ಕೆ ಬಿಡುತ್ತದೆ. ಆದರೂ ಎರಡೂ ಹೆಚ್ಚು ಕಡಿಮೆ ಒಂದೇ ಸಮ ಕಾದವು. ಮುಖ್ಯ ಅಪರಾಧಿ ಸಿಕ್ಕಿಬಿದ್ದದ್ದು ಆಗ: ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆದ್ದು ಹೊರಹೋಗಲಾರದು, ತಣ್ಣನೆಯದು ಒಳಬರಲಾರದು. ಹಾಗಾಗಿ ಬಿಸಿಲಲ್ಲಿ ನಿಂತ ಕಾರು ಹತ್ತಿದ ಕೂಡಲೇ ಎ.ಸಿ. ತಿರುವುವ ಮೊದಲು ನಾಲ್ಕೂ ಕಿಟಕಿ ಇಳಿಸಿ ಒಂದು ಫರ್ಲಾಂಗು ಓಡಿಸಿ. ಅದಕ್ಕೆ ಕಾಸು ಕೊಡಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗೆ 22ರಿಂದ 36 ಡಿಗ್ರಿ ಸೆಲ್ಷಿಯಸ್ ಇದ್ದ ದಿನಗಳಲ್ಲಿ ಮುಚ್ಚಿದ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತ್ತು. ಏರಿಕೆಯ ಶೇ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿಯನ್ನು ಬೆರಳಷ್ಟು ಇಳಿಸಿಟ್ಟದ್ದರಿಂದ ಪ್ರಯೋಜನವಾಗಲಿಲ್ಲ. ನಮ್ಮ ಊರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಅಷ್ಟು ಬೇಡ, 26 ಡಿಗ್ರಿಯ ಹಿತವಾದ ಬೆಂಗಳೂರು ದಿನದಲ್ಲೇ ಒಳಗೆ 48 ಆಗಬಹುದು. ಯಾವ ಫಿಲ್ಮು ಹಾಕಿಸಿದ್ದರೂ ಸರಿ, ‘ಒಂದು ನಿಮಿಷ ತರಕಾರಿ ತಂದುಬಿಡ್ತೀನಿ’ ಎಂದು ಮಗುವನ್ನಾಗಲಿ ವಯಸ್ಸಾದವರನ್ನಾಗಲಿ ಮುಚ್ಚಿದ ಕಾರಿನಲ್ಲಿ ಬಿಡಬೇಡಿ.

ಎಲ್ಲಕ್ಕಿಂತ ಒಳ್ಳೆಯ ಫಿಲ್ಮು ಯಾವುದು ಗೊತ್ತೆ? ನಮ್ಮ ಜಯನಗರದ ರಸ್ತೆಬದಿಯ ಹೊಂಗೆ. ಬೆಂಗಳೂರಿನ ಬೀದಿಮರಗಳ ಬಗ್ಗೆ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ರಸ್ತೆಯ ಗಾಳಿ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿವರೆಗೂ, ರಸ್ತೆಯ ಮೇಲ್ಮೈ 27.5 ಡಿಗ್ರಿವರೆಗೂ ತಣ್ಣಗಿತ್ತು. ಕಾರಿನ ಮೇಲೆ ಹಕ್ಕಿ ಹಿಕ್ಕೆ ಹಾಕುತ್ತದೆ ಎಂದು ಮರ ಕಡಿಸಲು ಅರ್ಜಿ ಕೊಟ್ಟು, ಆಮೇಲೆ ಸಾವಿರಾರು ರೂಪಾಯಿ ತೆತ್ತು ಫಿಲ್ಮ್ ಹಾಕಿಸಿದವರನ್ನು ನಾನು ಕಂಡಿದ್ದೇನೆ. ಇರಲಿ.

ತಂಪಿನ ವಿಚಾರ ಮುಗಿಯಿತು. ಇನ್ನು ಕಪ್ಪಿನದು. ಇಲ್ಲಿ ನನ್ನ ತಪ್ಪೊಪ್ಪಿಗೆ ಇದೆ.

ನನ್ನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ 800 ಇತ್ತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ಒಂದು ಕಡೆ ಅದಕ್ಕೆ ಕಪ್ಪು ಫಿಲ್ಮ್ ಹಾಕಿಸಿದೆ. ಕಾರಣ ಬಿಸಿಲು ಎಂದು ಮನೆಯಲ್ಲಿ ಹೇಳಿದೆ. ನಿಜವಾದ ಕಾರಣ ಜಂಬ. ಕಪ್ಪು ಗಾಜಿನ ಕಾರು ಬಂದರೆ ಯಾರೋ ದೊಡ್ಡವರು ಎಂದು ಜನ ಪಕ್ಕಕ್ಕೆ ಸರಿಯುತ್ತಿದ್ದ ಕಾಲ. ಮೇಷ್ಟರಿಗೂ ಒಮ್ಮೆ ದೊಡ್ಡವರಾಗುವ ಆಸೆ.

2011ರ ಒಂದು ಸಂಜೆ, ಆರೂವರೆ ಏಳು ಗಂಟೆ. ರಾಗಿಗುಡ್ಡದ ಆಂಜನೇಯನ ದರ್ಶನ ಮುಗಿಸಿ ಕಾರು ಹಿಂದಕ್ಕೆ ತೆಗೆಯುತ್ತಿದ್ದೆ. ಹಿಂದಿನ ಗಾಜಿನಲ್ಲಿ ಏನೂ ಕಾಣಲಿಲ್ಲ. ಏನೂ ಇಲ್ಲ ಎಂದುಕೊಂಡೆ. ಆ ಎರಡು ವಾಕ್ಯಗಳ ನಡುವಿನ ವ್ಯತ್ಯಾಸವನ್ನು ಒಂದು ಚೀರಾಟ ನನಗೆ ಕಲಿಸಿತು. ಹೂ ಮಾರುವಾಕೆ ಓಡಿಬಂದು ಕಾರಿನ ಹಿಂಬದಿಗೆ ಬಡಿದಳು. ಬ್ರೇಕ್ ಒತ್ತಿ ಇಳಿದು ನೋಡಿದರೆ, ಆಕೆಯ ನಾಲ್ಕೈದು ವರ್ಷದ ಮಗ ಹಿಂದಿನ ಚಕ್ರದಿಂದ ಒಂದು ಮೊಳ ದೂರದಲ್ಲಿ ಕೂತು ಬಾಳೆನಾರು ಸೀಳುತ್ತಿದ್ದ. ಅವನಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಕಾಲು ನಡುಗಿ ಅಲ್ಲೇ ಕೂತೆ. ಆಕೆ ಬೈಯಲಿಲ್ಲ. ‘ನಿಮ್ಗೆ ಕಾಣ್ಲಿಲ್ವಾ ಸ್ವಾಮಿ?’ ಎಂದು ಕೇಳಿದಳು, ಅಷ್ಟೆ. ಉತ್ತರವಿರಲಿಲ್ಲ.

ಯಾಕೆ ಕಾಣಲಿಲ್ಲ ಎಂಬುದರ ಲೆಕ್ಕ ಆಮೇಲೆ ಮಾಡಿದೆ. ಕಾರಿನ ಗಾಜೇ ಬೆಳಕಿನ ಸುಮಾರು ಶೇ 75 ಮಾತ್ರ ಬಿಡುತ್ತದೆ. ಅದರ ಮೇಲೆ ಶೇ 20ರ ಫಿಲ್ಮು. ಕೂಡಿಸಬಾರದು, ಗುಣಿಸಬೇಕು: 0.75 ಗುಣಿಸು 0.20, ಅಂದರೆ ಶೇ 15. ವಯಸ್ಸಿನ ಪಾಲು ಬೇರೆ ಇದೆ. ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಯಾಗುತ್ತಾ, ಅರವತ್ತು ವರ್ಷದವರ ಅಕ್ಷಿಪಟಕ್ಕೆ ಬೀಳುವ ಬೆಳಕು ಇಪ್ಪತ್ತರ ತರುಣರಿಗೆ ಬೀಳುವುದರ ಮೂರನೇ ಒಂದು ಭಾಗ ಮಾತ್ರ. ಅರವತ್ತಾಗಿರದಿದ್ದರೂ ನಾನು ಆ ದಾರಿಯಲ್ಲೇ ಇದ್ದೆ. ಜೊತೆಗೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆಟ್ಟಗೆ ಇಳಿಯುತ್ತಾನೆ. ಮುಸ್ಸಂಜೆ ಇಪ್ಪತ್ತು ಇಪ್ಪತ್ತೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಆ ರಾತ್ರಿಯೇ ಫಿಲ್ಮ್ ಕಿತ್ತುಹಾಕಬೇಕಿತ್ತು. ಹಾಕಲಿಲ್ಲ. ‘ನಾಳೆ, ನಾಡಿದ್ದು’ ಎಂದು ತಳ್ಳಿದೆ. ಕೊನೆಗೆ ಕಿತ್ತದ್ದು ನನ್ನ ಆತ್ಮಸಾಕ್ಷಿಯಲ್ಲ, ಸುಪ್ರೀಂ ಕೋರ್ಟು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನೂರನೇ ನಿಯಮ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70, ಪಕ್ಕದ ಗಾಜು ಕನಿಷ್ಠ ಶೇ 50 ಬೆಳಕು ಬಿಡಬೇಕು ಎನ್ನುತ್ತದೆ. ಎಲ್ಲರೂ ಇದನ್ನು ‘ಶೇ 50ರ ಫಿಲ್ಮ್ ಹಾಕಬಹುದು’ ಎಂದು ಓದಿಕೊಂಡಿದ್ದೆವು. 2012ರ ಏಪ್ರಿಲ್ 27ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರಿದ್ದ ಪೀಠ, ನಿಯಮ ಹೇಳುವುದು ಗಾಜು ತಯಾರಾಗಿ ಬರುವಾಗಿನ ಮಾತು, ಅದರ ಮೇಲೆ ಆಮೇಲೆ ಯಾವ ಪ್ರಮಾಣದ ಕಪ್ಪು ಫಿಲ್ಮನ್ನೂ ಅಂಟಿಸುವಂತಿಲ್ಲ ಎಂದಿತು. ಕಪ್ಪು ಗಾಜಿನ ಹಿಂದೆ ಅಪರಾಧಗಳು ಅಡಗುತ್ತವೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯವೂ ಅಡಗುತ್ತದೆ ಎಂಬುದು ಮುಖ್ಯ ಕಾಳಜಿ. ಝಡ್ ಮತ್ತು ಝಡ್ ಪ್ಲಸ್ ಭದ್ರತೆಯವರಿಗೆ ಮಾತ್ರ ವಿನಾಯಿತಿಯ ದಾರಿ. ಮೇ 4ರಿಂದ ಜಾರಿ.

ಆಗ ಕಿತ್ತೆ. ಸೋಪಿನ ನೀರು, ಬ್ಲೇಡು, ಮನೆಯಾಕೆಯ ಕೂದಲು ಒಣಗಿಸುವ ಯಂತ್ರ. ಫಿಲ್ಮು ಬಂತು, ಗೋಂದು ಬರಲಿಲ್ಲ. ಎರಡು ಭಾನುವಾರ ಗಾಜು ಉಜ್ಜಿದೆ. ‘ಹಾಕಿಸೋವಾಗ ನನ್ನ ಕೇಳಿದ್ರಾ?’ ಎಂದು ಆಕೆ ಒಂದೇ ಸಲ ಕೇಳಿದ್ದು. ನಮ್ಮ ಮನೆಯ ಮಟ್ಟಿಗೆ ಅದೂ ಸುಪ್ರೀಂ ಕೋರ್ಟೇ.

ಅಂಗಡಿಯ ಹುಡುಗ ಹೇಳಿದ, ‘ಈಗ ಲೀಗಲ್ ಸಾರ್.’ ಅವನ ಮಾತಿನಲ್ಲಿ ಸ್ವಲ್ಪ ಹುರುಳಿದೆ. 2020ರ ತಿದ್ದುಪಡಿಯಿಂದ ನೂರನೇ ನಿಯಮದಲ್ಲಿ ಗಾಜಿನ ಜೊತೆ ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಸುರಕ್ಷಾ ಗಾಜಿಗೂ ಜಾಗವಾಯಿತು. 2021ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು, ಈ ಮಾನದಂಡಕ್ಕೆ ಒಪ್ಪುವ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದಿತು. ಆದರೆ ಎರಡು ಮಾತು ನೆನಪಿಡಿ. ಒಂದು, ಅದು ಕೇರಳದ ತೀರ್ಪು. ಹಾಕಿಸುವ ಮೊದಲು ನಮ್ಮ ಸಾರಿಗೆ ಕಚೇರಿಯಲ್ಲಿ ಕೇಳಿ, ಅಂಗಡಿಯಲ್ಲಲ್ಲ. ಎರಡು, 70 ಮತ್ತು 50ರ ಮಿತಿ ಹಾಗೇ ಇದೆ. ಅಳೆಯುವುದು ಗಾಜು ಮತ್ತು ಫಿಲ್ಮು ಎರಡನ್ನೂ ದಾಟಿ ಬಂದ ಬೆಳಕನ್ನು. ಪಕ್ಕದ ಗಾಜು ಶೇ 75ರದ್ದಾದರೆ ಶೇ 70ರ ಫಿಲ್ಮ್ ಸೇರಿ 52.5, ಪಾಸ್. ‘ಶೇ 50ರದ್ದು, ಕಾನೂನುಬದ್ಧ’ ಎಂದು ಮಾರುವ ಫಿಲ್ಮ್ ಸೇರಿದರೆ 37.5, ಫೇಲ್. ಮುಂದಿನ ಗಾಜಿಗಂತೂ ಶೇ 93ಕ್ಕಿಂತ ತಿಳಿಯಾದುದು ಬೇಕಾಗುತ್ತದೆ. ಅಷ್ಟು ತಿಳಿಯಾದುದನ್ನು ಹಾಕಿಸಿದರೆ ಹಾಕಿಸಿದ್ದು ಯಾರಿಗೂ ಕಾಣುವುದಿಲ್ಲ.

ಇನ್ನು ಮೂರನೆಯದು, ಭದ್ರತೆ. ಬನಶಂಕರಿಯ ಒಂದು ಛತ್ರದ ಮುಂದೆ ನಮ್ಮ ಪಕ್ಕದ ಮನೆಯವರ ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ಬ್ಯಾಗು ಎಗರಿಸಿದ್ದರು. ಊಟ ಮುಗಿಸಿ ಬಂದರೆ ರಸ್ತೆ ತುಂಬ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಗಾಜಿನ ಹರಳು. ಪಕ್ಕದ ಗಾಜು ಹಾಗೆ ಒಡೆಯುವಂತೆಯೇ ಮಾಡಿರುತ್ತಾರೆ. ಆರುನೂರು ಡಿಗ್ರಿಗೂ ಮೇಲೆ ಕಾಯಿಸಿ ಥಟ್ಟನೆ ತಣ್ಣನೆಯ ಗಾಳಿ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ಆಮೇಲೆ ಕುಗ್ಗುತ್ತಾ ಹೊರಮೈಯನ್ನು ಬಿಗಿಯುತ್ತದೆ. ಹೊರಗೆ ಒತ್ತಡ, ಒಳಗೆ ಎಳೆತ. ಕೈಯಿಂದ ಗುದ್ದಿದರೆ ಜಗ್ಗದು. ಬಿರುಕೊಂದು ಒಳಭಾಗ ಮುಟ್ಟಿತೋ, ಬಿಗಿದಿಟ್ಟ ಶಕ್ತಿಯೆಲ್ಲ ಬಿಡುಗಡೆಯಾಗಿ ಇಡೀ ಗಾಜು ಮೊಂಡು ಹರಳುಗಳಾಗುತ್ತದೆ. ಕತ್ತು ಕುಯ್ಯುವ ಚೂಪಾದ ಚೂರು ಬರಬಾರದು ಎಂಬುದೇ ಇದರ ಉದ್ದೇಶ.

ಮುಂದಿನ ಗಾಜಿನ ಕಥೆ ಬೇರೆ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಎಂಬಾತನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಬುರುಡೆ ಕೆಳಗೆ ಬಿತ್ತು. ಬಿರುಕುಬಿಟ್ಟಿತು, ಚೂರಾಗಲಿಲ್ಲ. ಒಳಗೆ ಹಿಂದೆಂದೋ ಇಟ್ಟಿದ್ದ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಪೊರೆಯಾಗಿ ಚೂರುಗಳನ್ನು ಹಿಡಿದಿತ್ತು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಡುವ ‘ಲ್ಯಾಮಿನೇಟೆಡ್’ ಗಾಜು ಹುಟ್ಟಿದ್ದು ಹಾಗೆ. ಭದ್ರತಾ ಫಿಲ್ಮು ಮಾಡುವುದೂ ಅದನ್ನೇ, ಹೊರಗಿನಿಂದ ಅಂಟಿಸಿದ ಪೊರೆಯ ಕೆಲಸ. ಸಾಮಾನ್ಯ ಫಿಲ್ಮು 25ರಿಂದ 50 ಮೈಕ್ರಾನ್ ದಪ್ಪ, ನಮ್ಮ ತಲೆಗೂದಲಿಗಿಂತ ತೆಳು. ಭದ್ರತೆಯದು 100ರಿಂದ 200. ಗಾಜು ಒಡೆಯುವುದನ್ನು ಅದು ತಡೆಯುವುದಿಲ್ಲ, ಒಡೆದದ್ದು ಉದುರುವುದನ್ನು ತಡೆಯುತ್ತದೆ. ಕಳ್ಳನಿಗೆ ಕೆಲವು ಸೆಕೆಂಡಿನ ಬದಲು ಇನ್ನಷ್ಟು ಹೊತ್ತು ಹಿಡಿಯುತ್ತದೆ, ಸದ್ದಾಗುತ್ತದೆ. ಅಷ್ಟೇ ಲಾಭ. ಏರಿಳಿಯುವ ಕಿಟಕಿಯ ಅಂಚನ್ನು ಚೌಕಟ್ಟಿಗೆ ಬಿಗಿಯಲಾಗದ ಕಾರಣ ಜೋರಾಗಿ ಒದ್ದರೆ ಇಡೀ ಹಾಳೆ ಒಳಕ್ಕೆ ಬರಬಹುದು. ಇನ್ನು ಗುಂಡು ತಡೆಯುವ ಗಾಜಂತೂ ಹಲವು ಪದರಗಳ ದಪ್ಪ ಹಲಗೆ, ಫಿಲ್ಮಿಗೂ ಅದಕ್ಕೂ ಸಂಬಂಧವಿಲ್ಲ.

ಆದರೆ ಹೊರಗಿನವನನ್ನು ತಡೆಯುವ ಗಾಜು ಒಳಗಿನವರನ್ನೂ ತಡೆಯುತ್ತದೆ. 2023ರ ಮೇ 21ರ ಆಲಿಕಲ್ಲು ಮಳೆಯನ್ನು ಬೆಂಗಳೂರು ಮರೆತಿಲ್ಲ. ಕೆ.ಆರ್. ಸರ್ಕಲ್ಲಿನ ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ಕಾರು ಸಿಲುಕಿ ಒಬ್ಬ ಯುವತಿ ತೀರಿಕೊಂಡರು. ಅಲ್ಲಿ ಫಿಲ್ಮಿನ ಪಾತ್ರವಿತ್ತು ಎಂದು ನಾನು ಹೇಳುತ್ತಿಲ್ಲ. ನೀರಿನ ಬಲ ಎಷ್ಟೆಂದು ಹೇಳುತ್ತಿದ್ದೇನೆ. ಒಂದು ಮೀಟರ್ ಅಗಲದ ಬಾಗಿಲಿಗೆ ಹೊರಗೆ ಅರ್ಧ ಮೀಟರ್ ನೀರು ನಿಂತರೆ ಅದು ಸುಮಾರು 125 ಕಿಲೋ ತೂಕದಷ್ಟು ಬಲದಿಂದ ಒತ್ತುತ್ತದೆ. ನೀರು ಒಂದು ಮೀಟರ್ ಆದರೆ ಎರಡರಷ್ಟಲ್ಲ, ನಾಲ್ಕರಷ್ಟು. ಬಾಗಿಲು ತೆಗೆಯಲಾಗದು, ಕಿಟಕಿಯೇ ದಾರಿ. ಮೊದಲ ನಿಮಿಷದಲ್ಲೇ ಇಳಿಸಬೇಕು. ಇಳಿಯದಿದ್ದರೆ ಒಡೆಯಬೇಕು. 2019ರಲ್ಲಿ ಅಮೆರಿಕದ ವಾಹನ ಸವಾರರ ಸಂಘ ‘ಎಎಎ’ ಗಾಜು ಒಡೆಯುವ ಆರು ಸಾಧನಗಳನ್ನು ಪರೀಕ್ಷಿಸಿತು. ಪಕ್ಕದ ಸಾಮಾನ್ಯ ಗಾಜನ್ನು ನಾಲ್ಕು ಒಡೆದವು. ಲ್ಯಾಮಿನೇಟೆಡ್ ಗಾಜನ್ನು ಭೇದಿಸಲು ಒಂದರಿಂದಲೂ ಆಗಲಿಲ್ಲ. ದಪ್ಪ ಫಿಲ್ಮ್ ಅಂಟಿಸಿದ ಗಾಜೂ ಒಡೆದ ಮೇಲೆ ಉದುರದೆ ನಿಲ್ಲುತ್ತದೆ. ಅದನ್ನು ಕಾಲಿನಿಂದ ಒದ್ದು ತಳ್ಳುವಷ್ಟು ಹೊತ್ತು ನೀರು ಕಾಯುತ್ತದೆಯೇ? ಮಳೆಗಾಲದಲ್ಲಿ ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವ ಮಗಳ ತಂದೆ ಈ ಪ್ರಶ್ನೆ ಕೇಳಿಕೊಳ್ಳದೆ ಇರಲಾರ.

ಇಷ್ಟನ್ನೆಲ್ಲ ಅಂಗಡಿಯಲ್ಲೇ ಪಾಠ ಮಾಡಿದೆ. ಹುಡುಗ ಕೈಕಟ್ಟಿ ಕೇಳಿದ, ಪಾಪ. ಮಗಳು ಮಾತಾಡಲಿಲ್ಲ. ವಾಪಸು ಬರುವಾಗ ಹೇಳಿದಳು: ‘ಅಪ್ಪಾ, ನೀನು ಹೇಳಿದ್ದೆಲ್ಲ ಸರಿ. ಆದ್ರೆ ನಾನು ಕೇಳಿದ್ದು ತಂಪಲ್ಲ. ರಾತ್ರಿ ಹತ್ತು ಗಂಟೆಗೆ ಸಿಗ್ನಲ್ಲಲ್ಲಿ ನಿಂತ್ರೆ ಪಕ್ಕದ ಬೈಕಿನವರು ಬಗ್ಗಿ ನೋಡ್ತಾರೆ. ಅದು ಬೇಡ ನಂಗೆ.’

ಮೂರು ವಸ್ತು ಬೇರ್ಪಡಿಸಿದೆನೆಂದು ಬೀಗಿದ್ದ ಮೇಷ್ಟರಿಗೆ ನಾಲ್ಕನೆಯದು ಕಂಡೇ ಇರಲಿಲ್ಲ.

ಆ ವಾರ ಒಂದು ರಾತ್ರಿ ಬಸ್ಸಿನಲ್ಲಿ ಅವಳ ಕಚೇರಿಗೆ ಹೋಗಿ, ಅವಳ ಜೊತೆ ಕಾರಿನಲ್ಲಿ ಬಂದೆ. ಬೇಕೆಂದೇ ಹಿಂದಿನ ಸೀಟಿನಲ್ಲಿ ಕೂತೆ. ಸಿಲ್ಕ್ ಬೋರ್ಡಿನಿಂದ ಬಿ.ಟಿ.ಎಂ. ಲೇಔಟ್, ಜಯದೇವ ದಾಟಿ ರಾಗಿಗುಡ್ಡದವರೆಗೆ. ಒಂದು ಸಿಗ್ನಲಿನಲ್ಲಿ ಇಬ್ಬರು ಬಗ್ಗಿದರು. ಹಿಂದೆ ನಾನಿರುವುದು ಕಂಡ ಕೂಡಲೇ ಮುಖ ತಿರುಗಿಸಿದರು. ಮಗಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ. ಅವಳ ಭಯ ನಿಜ. ಕಪ್ಪು ಗಾಜಿನ ಹಿಂದೆ ಹೆಣ್ಣುಮಕ್ಕಳಿಗೆ ಅಪಾಯ ಎಂದ ಕೋರ್ಟಿನ ಭಯವೂ ನಿಜ. ಒಂದೇ ಗಾಜು, ಒಳಗಿರುವವರು ಯಾರು ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. ಇದನ್ನು ಅಳೆಯುವ ಮೀಟರು ನನ್ನ ಪ್ರಯೋಗಶಾಲೆಯಲ್ಲಿಲ್ಲ.

ಮನೆಯಲ್ಲಿ ಮೂವರೂ ಕೂತು ತೀರ್ಮಾನಿಸಿದೆವು. ತೀರ್ಮಾನ ಅವಳದೇ. ಕಪ್ಪು ಫಿಲ್ಮು ಬೇಡ. ದಪ್ಪ ಭದ್ರತೆಯದೂ ಬೇಡ. ತಿಳಿಯಾದ ಶಾಖ ತಡೆಯುವ ಫಿಲ್ಮಿನ ವಿಷಯ ಸಾರಿಗೆ ಕಚೇರಿಯಲ್ಲಿ ಕೇಳಿದ ಮೇಲೆ. ನಿಲ್ಲಿಸಿದಾಗ ಮಾತ್ರ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಮಡಿಸುವ ಹಾಳೆ. ಬ್ಯಾಗು ಸೀಟಿನ ಮೇಲಲ್ಲ, ಡಿಕ್ಕಿಯಲ್ಲಿ. ಗಾಜು ಒಡೆಯುವ ಪುಟ್ಟ ಸುತ್ತಿಗೆ ಕೈಗೆಟಕುವಲ್ಲಿ. ಗಾಜಿನ ಮೂಲೆಯ ಮುದ್ರೆ ಓದಿ, ಪಕ್ಕದವು ಲ್ಯಾಮಿನೇಟೆಡ್ ಅಲ್ಲ ಎಂದು ಖಾತ್ರಿ ಮಾಡಿಕೊಂಡೆವು. ನೀವೂ ಓದಿ ನೋಡಿ. ಸಿಗ್ನಲಿನಲ್ಲಿ ಬಾಗಿಲು ಲಾಕ್. ಬಗ್ಗಿ ನೋಡುವವರಿಗೆ ಮಾತ್ರ ಇದರಲ್ಲಿ ಯಾವುದೂ ಮದ್ದಲ್ಲ, ಗೊತ್ತು. ಅವರಲ್ಲಿ ಕೆಲವರಾದರೂ ಯಾವುದೋ ಮೇಷ್ಟರ ತರಗತಿಯಲ್ಲಿ ಕೂತು ಎದ್ದವರೇ. ಬೆಳಕು ಹೇಗೆ ಬಾಗುತ್ತದೆ ಎಂದು ಕಲಿಸಿದ ನಾವು, ಎಲ್ಲಿ ಕಣ್ಣು ತಗ್ಗಿಸಬೇಕೆಂದು ಕಲಿಸಲಿಲ್ಲವೇನೋ.

ಮೊನ್ನೆ ಸಂಜೆ ರಾಗಿಗುಡ್ಡದ ಬಳಿ ಕಾರು ನಿಧಾನಿಸಿತು. ಹೂವಿನಾಕೆ ಇನ್ನೂ ಅಲ್ಲೇ ಇದ್ದಾಳೆ, ಮಗ ಈಗ ಅವಳಿಗಿಂತ ಎತ್ತರ. ಗಾಜಿನೊಳಗೆ ನನ್ನನ್ನು ಕಂಡು ಕೈ ಎತ್ತಿದಳು. ನಾನೂ ಎತ್ತಿದೆ. ಮಗಳು ಕಿಟಕಿ ಇಳಿಸಿ ಎರಡು ಮೊಳ ಮಲ್ಲಿಗೆ ತೆಗೆದುಕೊಂಡಳು.